ಸೊರಬದ ಸ್ಪೆಷಲ್ ಬಸ್ಸಿನಲ್ಲಿ ಪಕ್ಕದ ಸೀಟು

ಸೀಟು ಮೆತ್ತಗಿದ್ದರೆ ಪ್ರಯಾಣ ಸುಖ ಎನ್ನುವವರನ್ನು ನಾನು ಮೂರು ಪ್ರಶ್ನೆ ಕೇಳುತ್ತೇನೆ. ಯಾವ ರಸ್ತೆ? ಬಸ್ಸಿನ ಯಾವ ಭಾಗ? ಪಕ್ಕದಲ್ಲಿ ಯಾರು? ಇವಕ್ಕೆ ಉತ್ತರ ಹೇಳದೆ ಸೀಟನ್ನು ಹೊಗಳುವುದು ಬಾಳೆಲೆ ನೋಡಿ ಊಟ ಚೆನ್ನಾಗಿದೆ ಅಂದ ಹಾಗೆ. ಮೊದಲ ಎರಡು ಪ್ರಶ್ನೆ ನನಗೆ ಬೇಗ ಹೊಳೆದವು. ಮೂರನೆಯದು ಹೊಳೆಯುವುದಕ್ಕೆ ಎಪ್ಪತ್ತರ ದಶಕದ ಒಂದು ಬೇಸಿಗೆಯಿಡೀ ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಧೂಳು ಕುಡಿಯಬೇಕಾಯಿತು.

ಆಗ ಶಿಕಾರಿಪುರದ ಒಬ್ಬ ಮೆಣಸಿನಕಾಯಿ ವ್ಯಾಪಾರಿ ಸಾಹೇಬರು ಬಸ್ಸು ಓಡಿಸುತ್ತಿದ್ದರು. ಬೆಳಗ್ಗೆ ಶಿಕಾರಿಪುರ ಬಿಟ್ಟು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಸಂಜೆ ಅದೇ ದಾರಿಯಲ್ಲಿ ವಾಪಸು. ಮುಂದಿನ ಸಾಲುಗಳಿಗೆ ಹೊಸ ರೆಕ್ಸಿನ್ ಹೊದಿಸಿ ‘ಸ್ಪೆಷಲ್’ ಎಂದು ಬರೆಸಿದ್ದರು. ಅಲ್ಲಿ ಕೂತರೆ ಒಂದೂವರೆ ಪಟ್ಟು ಚಾರ್ಜು. ಅವರ ಹಿಂದೆಯೇ ಸೊರಬದ ಇನ್ನೊಂದು ಕಂಪನಿಯ ಬಸ್ಸು ಹೊರಡುತ್ತಿತ್ತು. ಅದರಲ್ಲೂ ಸ್ಪೆಷಲ್, ಅದರಲ್ಲೂ ಮುಂದಿನ ಸಾಲು, ಚಾರ್ಜು ಇನ್ನೂ ಸ್ವಲ್ಪ ಹೆಚ್ಚು. ಎರಡೂ ತಾತ್ಕಾಲಿಕ ಪರ್ಮಿಟ್ಟಿನ ಮೇಲೆ ಓಡುತ್ತಿದ್ದವು. ಬೆಳಗಿನ ಆ ಟೈಮಿಂಗಿಗೆ ಕಾಯಂ ಪರ್ಮಿಟ್ ಒಬ್ಬರಿಗೆ ಮಾತ್ರ, ಇನ್ನೊಬ್ಬರಿಗೆ ಮಧ್ಯಾಹ್ನದ್ದು ಎಂದು ಶಿವಮೊಗ್ಗದಿಂದ ನೋಟೀಸು ಬಂತು. ಮಳೆಗಾಲ ಹಿಡಿಯುವ ಮೊದಲು ವಿಚಾರಣೆ.

ಸಾಹೇಬರು ನೋಟೀಸು ಹಿಡಿದು ನೇರವಾಗಿ ನಮ್ಮ ಮನೆಗೆ ಬಂದರು. ನಮ್ಮಪ್ಪ ಸ್ಕೂಲು ಮೇಷ್ಟ್ರು. ನಾನು ಬಿ.ಎ. ಮುಗಿಸಿ, ಕಾಲೇಜಿನ ಚರ್ಚಾಸ್ಪರ್ಧೆಗಳ ಬಹುಮಾನಗಳನ್ನು ಗೂಡಿನಲ್ಲಿ ಸಾಲಾಗಿಟ್ಟು, ಮನೆಯವರ ಜೊತೆ ವಾದ ಮಾಡಿಕೊಂಡು ಕೂತಿದ್ದೆ.

“ನಿಮ್ಮ ಮಗಳು ಬಾಯಿ ಮುಚ್ಚಲ್ಲ ಅಂತ ಊರಿಗೇ ಗೊತ್ತು ಮೇಷ್ಟ್ರೇ. ಆ ಬಾಯಿ ನನಗೆ ಬೇಕು,” ಅಂದರು ಸಾಹೇಬರು.

ಅಪ್ಪ ನಕ್ಕು, “ತಗೊಂಡ್ಹೋಗಿ ಸಾಹೇಬ್ರೇ, ಮನೇಲಿ ಸ್ವಲ್ಪ ಶಾಂತಿ ಇರ್ಲಿ,” ಅಂದರು.

“ನೋಡು ಬೇಟಿ, ಎರಡೂ ಬಸ್ಸಿನ ಸೀಟು, ಸರ್ವೀಸು, ಚಾರ್ಜು ಹೋಲಿಸಿ ಬರಿ. ನಮ್ಮದೇ ಮೇಲು ಅಂತ ಬರಿ. ಶಿವಮೊಗ್ಗದಲ್ಲಿ ನೀನೇ ನಿಂತು ಹೇಳು. ವಕೀಲರು ಬಂದ್ರೆ ವಾಯಿದೆ ತಗೋತಾರೆ, ಬಸ್ಸು ಹತ್ತೋದಿಲ್ಲ.”

“ಹೋಲಿಸೋದು ಮೊದಲೋ, ನಮ್ಮದೇ ಮೇಲು ಅನ್ನೋದು ಮೊದಲೋ?”

“ಕೇಳಿದ್ರಾ ಮೇಷ್ಟ್ರೇ? ಸಂಬಳ ಮಾತಾಡೋಕೆ ಮುಂಚೆ ವಾದ ಶುರು!” ಎಂದು ನಕ್ಕವರು ತಟ್ಟನೆ ಗಂಭೀರರಾದರು. “ಈ ಟೈಮಿಂಗ್ ಹೋದರೆ ಗಾಡಿ ಮಾರಿಬಿಡ್ತೀನಿ. ಮಧ್ಯಾಹ್ನದ ಖಾಲಿ ಟ್ರಿಪ್ಪಿಗೆ ಗಾಡಿ ಇಟ್ಕೊಂಡು ಏನು ಮಾಡ್ಲಿ? ಡ್ರೈವರು, ಕಂಡಕ್ಟರು ಇಬ್ಬರೂ ಮನೆಗೆ ಹೋಗ್ತಾರೆ. ನೀನೂ ಮನೆಗೆ.”

ಹಾಗೆ ಅದು ನನ್ನ ಮೊದಲ ಕೆಲಸವಾಯಿತು. ಶುರುವಾಗುವ ದಿನವೇ ಮುಗಿಯುವ ದಿನವೂ ಕಣ್ಣೆದುರಿಗಿತ್ತು.

ಹೋಲಿಕೆ ಅಂದರೆ ಏನು ಎಂದು ನನಗೆ ಸ್ಪಷ್ಟವಾಗಿತ್ತು. ಬೆಳಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ ಅಭ್ಯಾಸವಿದ್ದವಳು ನಾನು. ಯಾರ ಮಾತನ್ನೂ ಕೇಳಿ ಬರೆಯುವುದಿಲ್ಲ, ಕೂತು ನೋಡಿಯೇ ಬರೆಯುತ್ತೇನೆ ಎಂದು ತೀರ್ಮಾನಿಸಿದೆ. ಹೋಗುವಾಗ ನಮ್ಮ ಬಸ್ಸು, ಬರುವಾಗ ಅವರದು. ಮಾರನೆಯ ದಿನ ತಿರುಗುಮುರುಗು. ಎರಡರಲ್ಲೂ ಕಿಟಕಿ ಪಕ್ಕದ ಸ್ಪೆಷಲ್ ಸೀಟು.

ಮಂಡಿಗೂ ಮುಂದಿನ ಸೀಟಿನ ಬೆನ್ನಿಗೂ ಇರುವ ಜಾಗವನ್ನು ಗೇಣಿನಲ್ಲಿ ಅಳೆದೆ. ಅವರದು ನಮ್ಮದಕ್ಕಿಂತ ಅರ್ಧ ಗೇಣು ಜಾಸ್ತಿ. ಸೀಟಿನ ಮೇಲೆ ಮುಷ್ಟಿ ಊರಿ ನೋಡಿದೆ. ಅವರದರಲ್ಲಿ ಕೈ ಇಳಿದು ಮೇಲೆ ಬರುತ್ತಿತ್ತು. ನಮ್ಮದರಲ್ಲಿ ತೆಂಗಿನ ನಾರು ಅಲ್ಲಲ್ಲೇ ಗಂಟು ಕಟ್ಟಿಕೊಂಡು ಕೈಗೆ ಎದುರು ಮಾತಾಡುತ್ತಿತ್ತು. ಅವರು ತಲೆ ಒರಗುವ ಕಡೆ ಬಿಳಿ ಬಟ್ಟೆ ಹಾಕಿದ್ದರು, ಸೋಮವಾರ ಸೋಮವಾರ ಒಗೆದದ್ದು. ನಮ್ಮದರಲ್ಲಿ ಹಿಂದೆ ಕೂತವರೆಲ್ಲರ ಕೊಬ್ಬರಿ ಎಣ್ಣೆ.

ಸರ್ವೀಸಿನಲ್ಲೂ ಅಷ್ಟೆ. ಅವರ ಬಸ್ಸಿನಲ್ಲಿ ದಿನಪತ್ರಿಕೆ ಕೊಡುತ್ತಿದ್ದರು. ಶಿರಾಳಕೊಪ್ಪದಲ್ಲಿ ಚಹಾ ಸೀಟಿಗೇ ಬರುತ್ತಿತ್ತು, ಗಾಜಿನ ಲೋಟದಲ್ಲಿ. ನಮ್ಮ ಬಸ್ಸಿನಲ್ಲಿ ಒಂದು ತಾಮ್ರದ ತಂಬಿಗೆ ನೀರು, ಜೊತೆಗೆ ಕಂಡಕ್ಟರನ ಮಾತು. ಅವನು ಉಡುತಡಿಯವನು, ಯಾರ ಹೊಲಕ್ಕೆ ಯಾರು ದನ ಬಿಟ್ಟರು ಎಂಬುದರಿಂದ ಹಿಡಿದು ದೆಹಲಿಯವರೆಗೆ ಎಲ್ಲ ಸುದ್ದಿ ಹೇಳುತ್ತಿದ್ದ. ಪತ್ರಿಕೆಗಿಂತ ಬೇಗ ತಲುಪುತ್ತಿತ್ತು, ಪತ್ರಿಕೆಯಷ್ಟೇ ನಂಬಬಹುದಾಗಿತ್ತು. ಆದರೆ ಅದನ್ನು ಸರ್ವೀಸು ಎಂದು ಬರೆಯಲು ಬರುವುದಿಲ್ಲವಲ್ಲ.

ಇಷ್ಟು ಸಾಲದು ಅನ್ನಿಸಿತು. ಮೆತ್ತಗಿದೆ, ಗಟ್ಟಿಯಾಗಿದೆ ಅನ್ನುವುದು ಕೂತವರ ಮೈಗೆ ಬಿಟ್ಟ ವಿಷಯ; ಎದುರು ವಕೀಲರು ಒಂದೇ ಮಾತಿನಲ್ಲಿ ಹೊಡೆದುಹಾಕುತ್ತಾರೆ. ಯಾರೂ ಅಲ್ಲಗಳೆಯಲಾಗದ ಒಂದು ಪರೀಕ್ಷೆ ಬೇಕಿತ್ತು. ಮನೆಯಿಂದ ಒಂದು ಸ್ಟೀಲ್ ಲೋಟ ತಂದೆ. ಹೊರಡುವಾಗ ಅಂಚಿನವರೆಗೆ ನೀರು ತುಂಬಿ ಮಂಡಿ ಮೇಲೆ ಹಿಡಿದುಕೊಂಡು ಕೂತೆ. ಶಿರಾಳಕೊಪ್ಪದಲ್ಲಿ ಎಷ್ಟು ಉಳಿದಿದೆ ನೋಡಿದರೆ ಸೀಟು ಎಷ್ಟು ಕುಲುಕಿತು ಅಂತ ತಿಳಿಯುತ್ತದೆ.

“ಅಕ್ಕೋರೇ, ಬಾಯಾರಿಕೆ ಆದ್ರೆ ಕುಡೀರಿ. ಪೂಜೆಗಿಟ್ಟಂಗೆ ಯಾಕೆ ಹಿಡ್ಕಂಡೀರಿ?” ಅಂದ ಕಂಡಕ್ಟರ್. ಬಿ.ಎ. ಮಾಡಿದ ಹೆಂಗಸು ಎಂದರೆ ಅವನ ಲೆಕ್ಕದಲ್ಲಿ ಟೀಚರೇ. ಅಕ್ಕೋರೇ ಅಂತಲೇ ಕೊನೆಯವರೆಗೂ ಕರೆದ.

“ಇದು ಪರೀಕ್ಷೆ ಕಣಪ್ಪ.”

“ಬಸ್ಸಿಗೋ, ನಿಮಗೋ?”

ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, “ಅಕ್ಕೋರ ನೀರು ಚೆಲ್ಲಿದ್ರೆ ನನ್ನ ಮಾನ ಹೋಗ್ತೈತೆ,” ಎಂದು ಗಾಡಿಯನ್ನು ಮದುವೆ ದಿಬ್ಬಣದ ಹಾಗೆ ಓಡಿಸತೊಡಗಿದ. ಹಿಂದಿನಿಂದ ಜನ ಬೈದರು. ಪರೀಕ್ಷೆ ಕೆಟ್ಟಿತು. ಮರುದಿನದಿಂದ ಲೋಟವನ್ನು ಸೆರಗಿನ ಮರೆಯಲ್ಲಿ ಹಿಡಿದೆ.

ಫಲಿತಾಂಶ ಇಬ್ಬರಿಗೂ ಹಿಡಿಸುವಂಥದ್ದಲ್ಲ. ಎರಡೂ ಬಸ್ಸಿನ ಸ್ಪೆಷಲ್‌ನಲ್ಲಿ ಲೋಟ ಅರ್ಧಕ್ಕೆ ಬರುತ್ತಿತ್ತು. ಅವರ ಮೆತ್ತನೆ ಸೀಟು ಚೆನ್ನಾಗಿ ಕುಣಿಸುತ್ತಿತ್ತು, ನಮ್ಮ ಗಟ್ಟಿ ಸೀಟು ಚೆನ್ನಾಗಿ ಕುಟ್ಟುತ್ತಿತ್ತು. ಜೊತೆಗೆ ಡ್ರೈವರ್ ಪಕ್ಕದ ಬಾನೆಟ್ಟಿನಿಂದ ಬಿಸಿಗಾಳಿ. ಒಂದೂವರೆ ಪಟ್ಟು ಕೊಡದ ಸಾದಾ ಸೀಟು ಹೇಗಿದೆ ನೋಡೋಣ ಎಂದು ನಮ್ಮ ಬಸ್ಸಿನ ಮಧ್ಯದ ಸಾಲಿನಲ್ಲಿ ಕೂತೆ. ಮುಂದಿನ ಗಾಲಿಯಿಂದಲೂ ದೂರ, ಹಿಂದಿನ ಗಾಲಿಯಿಂದಲೂ ದೂರ. ಅಲ್ಲಿ ಲೋಟದ ಕಂಠದ ಕೆಳಗೆ ಒಂದು ಬೆರಳಷ್ಟು ಮಾತ್ರ ಕಡಿಮೆಯಾಗಿತ್ತು.

ಅಂದರೆ ಹೆಚ್ಚು ದುಡ್ಡು ಕೊಟ್ಟವರು ಹೆಚ್ಚು ಕುಲುಕಾಡುತ್ತಿದ್ದರು! ಯಾಕೆ ಕೊಡುತ್ತಾರೆ? ಮುಂದೆ ಕೂತವನು ದೊಡ್ಡವನು ಎನ್ನುವ ಕಾರಣಕ್ಕೆ, ಅಷ್ಟೆ. ಪಂಕ್ತಿಯಲ್ಲಿ, ಪಂಚಾಯ್ತಿಯಲ್ಲಿ, ಗಾಡಿಯಲ್ಲಿ ಎಲ್ಲ ಕಡೆ ಮುಂದಿನ ಜಾಗಕ್ಕೇ ಮರ್ಯಾದೆ. ಇದನ್ನು ಸದ್ಯಕ್ಕೆ ಬದಿಗಿಟ್ಟೆ. ನಮ್ಮ ಸ್ಪೆಷಲ್ಲೂ ದಂಡ ಎಂದು ನಾನೇ ಹೇಳಿ ಪರ್ಮಿಟ್ ಕೇಳಲಾಗುತ್ತದೆಯೇ?

ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ದಿನವೂ ಸೊರಬದ ಆಸ್ಪತ್ರೆಗೆ ಹೋಗುವ ನರ್ಸಮ್ಮ ಒಬ್ಬರು ಕೂರುತ್ತಿದ್ದರು. ಮಧ್ಯವಯಸ್ಸು, ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಕೊಡೆ. ನಾನು ಇಳಿಯುವಾಗ ಒಮ್ಮೆ ಹಿಡಿದು ನಿಲ್ಲಿಸಿದರು.

“ಏನ್ರೀ, ಸಿಂಹಾಸನ ಮೆತ್ತಗಿದ್ಯಾ?”

“ಅಷ್ಟೇನಿಲ್ಲ.”

“ಮುಂದಿನ ಸೀಟು ಹೆಂಗಸರದಾಗಿತ್ತು. ಬಾಗಿಲ ಹತ್ತಿರ ಹತ್ತಿ ಕೂತು, ಬಾಗಿಲ ಹತ್ತಿರ ಇಳೀತಿದ್ವಿ. ನೀವು ಅದಕ್ಕೆ ರೆಕ್ಸಿನ್ ಹೊಡೆದು ಗಂಡಸರಿಗೆ ಮಾರಿದ್ರಿ. ನಾವು ಗಾಲಿ ಮೇಲೆ ಕೂತು ಬೆನ್ನು ಮುರ್ಕೋತಿದೀವಿ.”

“ಚಾರ್ಜು ಕೊಟ್ರೆ ನೀವೂ ಕೂರಬಹುದಲ್ರೀ? ಯಾರು ಬೇಡ ಅಂತಾರೆ?”

ನರ್ಸಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಕೂರಬಹುದು, ಕೂರಬಹುದು,” ಎಂದು ನಕ್ಕು ಕೊಡೆ ಬಿಚ್ಚಿಕೊಂಡು ಹೊರಟುಹೋದರು. ವಾದದಲ್ಲಿ ಗೆದ್ದೆ ಅಂದುಕೊಂಡೆ.

ಎದುರು ಕಂಪನಿಯವರಿಗೆ ಮೊದಲ ದಿನವೇ ನನ್ನ ಗುರುತು ಹತ್ತಿತ್ತು. ಅವರ ಕಂಡಕ್ಟರ್ ಜಾಣ. ಜಗಳ ತೆಗೆಯಲಿಲ್ಲ, ಉಪಚಾರಕ್ಕೆ ನಿಂತ. ನನಗೆ ಚಹಾ ಜೊತೆ ಬಿಸ್ಕತ್ತೂ ಬರತೊಡಗಿತು. “ಬರ್ಕೊಳ್ರಿ ಅಮ್ಮಾರೇ, ಬಿಸ್ಕತ್ತು ಅಂತಾನೂ ಬರ್ಕೊಳ್ರಿ,” ಎನ್ನುತ್ತಿದ್ದ. ಬೇರೆಯವರಿಗೆ ಕೊಡುತ್ತಿಲ್ಲ ಎಂದು ನೋಡಿ, ಬಿಸ್ಕತ್ತು ತಿಂದೆ, ಬರೆದುಕೊಳ್ಳಲಿಲ್ಲ.

ಆದರೆ ಆ ಬಸ್ಸಿನಲ್ಲಿ ನನಗೊಂದು ಒಳ್ಳೆಯ ಬೇಟೆ ಸಿಕ್ಕಿತ್ತು. ನನ್ನ ಪಕ್ಕದ ಸೀಟು ಒಂದು ದಿನವೂ ತುಂಬುತ್ತಿರಲಿಲ್ಲ. ಕುಬಟೂರಿನ ಗೌಡರೊಬ್ಬರು ಆಗಾಗ ಶಿಕಾರಿಪುರಕ್ಕೆ ಬಂದು, ರಾತ್ರಿ ಉಳಿದು, ಬೆಳಗಿನ ಬಸ್ಸಿಗೆ ವಾಪಸು ಹೋಗುತ್ತಿದ್ದರು. ಬಿಳಿ ಜುಬ್ಬಾ, ಹೆಗಲ ಮೇಲೆ ಟವೆಲ್, ಮಾತಿನಲ್ಲಿ ಮೃದು. ಎಲ್ಲರಂತೆ ಅವರೂ ಹೊರಗಿನಿಂದಲೇ ಕಿಟಕಿಯಲ್ಲಿ ಟವೆಲ್ ಎಸೆದು ಸೀಟು ಹಿಡಿಯುವವರು. ನಮ್ಮ ಕಡೆ ಟವೆಲ್ ಬಿದ್ದ ಸೀಟಿಗೆ ರಿಜಿಸ್ಟರ್ ಆದ ಹಾಗೆ, ಇನ್ನೊಬ್ಬರು ಮುಟ್ಟುವುದಿಲ್ಲ. ಒಂದು ದಿನ ಆಚೆ ಬದಿಯ ಕಿಟಕಿಯಿಂದ ಅವರ ಟವೆಲ್ ನನ್ನ ಪಕ್ಕದ ಸೀಟಿನ ಮೇಲೆ ಬಿತ್ತು. ಅವರು ಹತ್ತಿ ಬಂದು ನನ್ನನ್ನು ನೋಡಿ, ಟವೆಲ್ ಎತ್ತಿ ಹೆಗಲಿಗೆ ಹಾಕಿಕೊಂಡು ಕಂಬಿ ಹಿಡಿದು ನಿಂತರು. ಸ್ಪೆಷಲ್ ಟಿಕೆಟ್ಟನ್ನೇ ತೆಗೆಸಿದ್ದರು!

“ಕೂತ್ಕೊಳ್ಳಿ ಗೌಡ್ರೇ,” ಅಂದೆ.

“ಇರ್ಲಿ ಬಿಡಮ್ಮ, ಕೂತೂ ಕೂತೂ ಸಾಕಾಗೈತೆ,” ಅಂದರು. ಸೊರಬದವರೆಗೂ ನಿಂತೇ ಇದ್ದರು.

ದುಡ್ಡು ಕೊಟ್ಟವರೂ ಕೂರದ ಸೀಟು! ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ವರದಿಯಲ್ಲಿ ಬರೆದೆ: ‘ಎದುರು ಕಂಪನಿಯ ಸ್ಪೆಷಲ್ ಸೀಟುಗಳಿಗೆ ಗಿರಾಕಿ ಸಾಲದು. ಪ್ರತಿ ಪ್ರಯಾಣದಲ್ಲೂ ಸೀಟು ಖಾಲಿ ಓಡುತ್ತಿರುವುದನ್ನು ಸ್ವತಃ ಕಂಡಿದ್ದೇನೆ.’ ನಮ್ಮ ಬಸ್ಸಿನಲ್ಲೂ ನನ್ನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಆದರೆ ಅದು ಮಾಲೀಕರ ಕಡೆಯವಳು ಎಂದು ಕಂಡಕ್ಟರ್ ತೋರಿಸುವ ಗೌರವ ಎಂದುಕೊಂಡಿದ್ದೆ. ನಮ್ಮಲ್ಲಿ ಖಾಲಿ ಬಿದ್ದರೆ ಗೌರವ, ಅವರಲ್ಲಿ ಖಾಲಿ ಬಿದ್ದರೆ ನಷ್ಟ. ಎಂಥ ತರ್ಕ!

ಸಾಹೇಬರು ಆ ಸಾಲನ್ನು ಎರಡು ಸಲ ಓದಿಸಿಕೊಂಡರು. ಮೆಣಸಿನಕಾಯಿ ಚೀಲಗಳ ಮಧ್ಯೆ ಕೂತು ಸೀನುತ್ತಲೇ, “ಶಹಬ್ಬಾಸ್ ಬೇಟಿ! ಇದೇ ಗುಂಡು. ಇದನ್ನು ಕೊನೇಲಿ ಹೊಡಿ,” ಅಂದರು.

ವಿಚಾರಣೆಗೆ ವಾರವಿದೆ ಅನ್ನುವಾಗ ಒಂದು ಬೆಳಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ತಡವಾಗಿ ಹೋದೆ. ಎದುರು ಕಂಪನಿಯ ಬಸ್ಸು ಹೊರಡುವುದರಲ್ಲಿತ್ತು. ಹಿಂದಿನ ಬಾಗಿಲಲ್ಲಿ ಹತ್ತಿ, ಸಿಕ್ಕಿದ ಸಾದಾ ಸೀಟಿನಲ್ಲಿ ಕೂತು ಮುಂದೆ ನೋಡಿದೆ. ಸ್ಪೆಷಲ್ ಸಾಲುಗಳ ತುಂಬ ತಲೆಗಳು. ಒಂದೂ ಖಾಲಿ ಇಲ್ಲ. ನಾನು ದಿನವೂ ಕೂರುತ್ತಿದ್ದ ಕಿಟಕಿ ಸೀಟಿನಲ್ಲಿ ಯಾರೋ ವ್ಯಾಪಾರಿ. ಅವನ ಪಕ್ಕದಲ್ಲಿ, ಬಿಳಿ ಬಟ್ಟೆಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದವರು ಕುಬಟೂರಿನ ಗೌಡರು. ‘ಕೂತೂ ಕೂತೂ ಸಾಕಾಗೈತೆ’ ಅಂದವರು!

ಮರುದಿನ ಬೇಗ ಹೋಗಿ ಅದೇ ಕಿಟಕಿ ಸೀಟಿನಲ್ಲಿ ಕೂತೆ. ಪಕ್ಕ ಖಾಲಿ. ಅದರ ಮರುದಿನ ಬೇಕೆಂದೇ ಹಿಂದೆ ಕೂತೆ. ಸ್ಪೆಷಲ್ ಭರ್ತಿ. ಮತ್ತೆ ಮುಂದೆ ಕೂತೆ. ಖಾಲಿ.

ಸಂಜೆ ನಮ್ಮ ಕಂಡಕ್ಟರನನ್ನು ಹಿಡಿದೆ. “ನಾನು ಬರದ ದಿನ ನನ್ನ ಪಕ್ಕದ ಸೀಟು ಏನಾಗುತ್ತೆ?”

“ತುಂಬ್ತೈತೆ ಅಕ್ಕೋರೇ.”

“ಮತ್ತೆ ನಾನಿದ್ದಾಗ ನೀನೇ ಖಾಲಿ ಬಿಡೋದಲ್ವಾ?”

ಅವನು ಟಿಕೆಟ್ ಪುಸ್ತಕ ತಿರುವುತ್ತ ನೆಲ ನೋಡಿದ. “ನಾನ್ಯಾಕ್ರೀ ಬಿಡ್ಲಿ? ಯಾರೂ ಕೂರಲ್ಲ. ಒಂಟಿ ಹೆಂಗಸಿನ ಪಕ್ಕ ಯಾವ ಮರ್ಯಾದಸ್ಥ ಕೂರ್ತಾನೆ? ನಿಮಗೆ ಬೇಜಾರಾಗ್ತೈತೆ ಅಂತ ಹೇಳಿರ್ಲಿಲ್ಲ.”

“ಹಾಗಿದ್ರೆ ಹೆಂಗಸರು ಯಾರಾದ್ರೂ ಸ್ಪೆಷಲ್ ಕೇಳಿದ್ರೆ?”

“ಇಲ್ಲ ಅಂತೀವಿ. ಒಂದು ಕೊಟ್ರೆ ಎರಡು ಹೋಗ್ತೈತಲ್ರೀ.”

ಎರಡೂ ಕಂಪನಿ ಹಾಗೇ ಮಾಡುತ್ತಿದ್ದವು. ಯಾರೂ ಬೇಡ ಅನ್ನುವುದಿಲ್ಲ; ಸೀಟು ಮಾತ್ರ ಯಾವಾಗಲೂ ‘ಆಗಿಹೋಗಿದೆ’. ನನಗೆ ಕೊಟ್ಟದ್ದು ನಾನು ವರದಿ ಬರೆಯುವವಳು ಎಂಬ ಕಾರಣಕ್ಕೆ. ನಾನು ಅಳೆದದ್ದು ಎದುರು ಕಂಪನಿಯ ವ್ಯಾಪಾರವನ್ನಲ್ಲ, ನನ್ನನ್ನೇ. ನಾನು ಕೂತದ್ದರಿಂದ ಖಾಲಿಯಾದ ಸೀಟನ್ನು ತೋರಿಸಿ, ನೋಡಿ ಖಾಲಿ ಇದೆ ಎಂದು ಬರೆದಿದ್ದೆ. ನರ್ಸಮ್ಮ ಯಾಕೆ ನಕ್ಕರು ಎಂದು ಆಗ ತಿಳಿಯಿತು.

ಸಾಹೇಬರ ಅಂಗಡಿಗೆ ಹೋಗಿ, “ಆ ಸಾಲು ಹೊಡೆದುಹಾಕ್ತೀನಿ,” ಅಂದೆ.

“ಯಾವ ಸಾಲು?”

“ಖಾಲಿ ಸೀಟಿನ ಸಾಲು.”

“ಅದೇ ನಮ್ಮ ಗುಂಡು! ಅದನ್ನ ತೆಗೆದ್ರೆ ಏನುಳೀತು? ಸೀಟು ಅವರದು ಮೇಲು, ಚಹಾ ಅವರದು ಮೇಲು. ತಂಬಿಗೆ ನೀರು ತೋರಿಸಿ ಪರ್ಮಿಟ್ ಕೇಳ್ಲಾ?”

ನಡೆದದ್ದನ್ನು ವಿವರಿಸಿದೆ. ಅವರು ಗಡ್ಡ ನೀವಿಕೊಂಡು ಯೋಚಿಸಿದರು. “ನೀನು ನೋಡಿದ್ದು ಸುಳ್ಳಾ? ಖಾಲಿ ಇದ್ದದ್ದು ನಿಜ ತಾನೇ? ಯಾಕೆ ಖಾಲಿ ಅಂತ ಅವರು ಕೇಳಿದ್ರೆ ಆಮೇಲೆ ನೋಡೋಣ.”

“ಕೇಳೋದೇ ಬೇಡ ಸಾಹೇಬ್ರೇ. ಅವರ ಕಂಡಕ್ಟರ್ ಎದ್ದು ನಿಂತು, ‘ಈಯಮ್ಮ ಕೂತ್ರೆ ಖಾಲಿ, ಎದ್ರೆ ಭರ್ತಿ’ ಅಂತಾನೆ. ಇಡೀ ಕಚೇರಿ ನಗುತ್ತೆ. ಅಲ್ಲಿಗೆ ನಮ್ಮ ಉಳಿದ ಮಾತೂ ಹೋಯ್ತು. ಅವನು ಹೇಳದೇ ಇದ್ರೂ ಸುಳ್ಳು ಅಂತ ಗೊತ್ತಿದ್ದು ನಾನು ಹೇಳೋದಿಲ್ಲ.”

“ಹಾಗಾದ್ರೆ ಗಾಡಿ ಮಾರೋಣ,” ಎಂದು ಅವರು ಮುಖ ತಿರುಗಿಸಿದರು. ಬಾಗಿಲಲ್ಲಿ ನಿಂತಿದ್ದ ಡ್ರೈವರಣ್ಣ ನನ್ನನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದ.

ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ನನಗೆ ಹೆದರಿಕೆಯಾಗಲಿಲ್ಲ. ಕಾಲೇಜಿನಲ್ಲಿ ನಮಗೆ ಚರ್ಚೆ ಕಲಿಸಿದ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು: ಎದುರಾಳಿಯ ಒಳ್ಳೆಯ ಅಂಶಗಳನ್ನು ಅವನಿಗಿಂತ ಮೊದಲು ನೀನೇ ಹೇಳಿ ಮುಗಿಸು, ಆಮೇಲೆ ಅವನಿಗೆ ಹೇಳಲು ಏನೂ ಇರುವುದಿಲ್ಲ, ನಿನಗೆ ಇರಬೇಕು. ಹೇಳಲು ನನಗೆ ಏನಿದೆ? ಒಂದು ಲೋಟ ನೀರಿತ್ತು. ಒಂದು ಖಾಲಿ ಸೀಟಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ.

“ಸಾಹೇಬ್ರೇ, ಸ್ಪೆಷಲ್ ಸಾಲನ್ನ ಬಸ್ಸಿನ ಮಧ್ಯಕ್ಕೆ ಹಾಕೋಣ. ಅದರಲ್ಲಿ ಎಡಗಡೆ ಸೀಟೆಲ್ಲ ಹೆಂಗಸರಿಗೇ ಅಂತ ಬರೆಸೋಣ. ಮುಂದಿನ ಸಾಲು ಮೊದಲಿನ ಹಾಗೆ ಸಾದಾ ಚಾರ್ಜಿಗೆ ಹೆಂಗಸರಿಗೆ ಬಿಟ್ಟುಬಿಡೋಣ.”

“ತಲೆ ಕೆಟ್ಟಿದ್ಯಾ? ಮುಂದೆ ಕೂರೋಕೆ ಜನ ದುಡ್ಡು ಕೊಡ್ತಾರೆ. ಮಧ್ಯ ಕೂರೋಕೆ ಯಾರು ಕೊಡ್ತಾರೆ?”

“ನೀವೇ ಕೊಡ್ತೀರಿ. ಬನ್ನಿ.”

ಡ್ರೈವರಣ್ಣ ನಾನು ಹೇಳುವ ಮೊದಲೇ ಗಾಡಿ ಸ್ಟಾರ್ಟ್ ಮಾಡಿದ. ಸಾಹೇಬರನ್ನು ಮುಂದಿನ ಸ್ಪೆಷಲ್ ಸೀಟಿನಲ್ಲಿ ಕೂರಿಸಿ, ಕೈಗೆ ತುಂಬಿದ ಲೋಟ ಕೊಟ್ಟೆ. ಊರಾಚೆಯ ಹಳ್ಳದ ಸೇತುವೆ ದಾಟಿ ಒಂದು ಸುತ್ತು ಹೊಡೆಸಿದೆವು. ಸೇತುವೆ ಬರುವಷ್ಟರಲ್ಲಿ ಸಾಹೇಬರ ಜುಬ್ಬಾ ಮುಂಭಾಗ ಪೂರ್ತಿ ಒದ್ದೆ. “ಬೇಕಂತ ಗುಂಡಿ ಹತ್ತಿಸ್ತಿದ್ದಾನೆ ಇವನು!” ಎಂದು ಕೂಗಿದರು. ವಾಪಸು ಬರುವಾಗ ಮಧ್ಯದ ಸಾಲಿನಲ್ಲಿ ಕೂರಿಸಿ ಮತ್ತೆ ಲೋಟ ತುಂಬಿದೆ. “ಅದೇ ಗುಂಡಿಗಳ ಮೇಲೆ ಹೋಗಣ್ಣ,” ಅಂದೆ. ಅದೇ ಗುಂಡಿಗಳ ಮೇಲೆ ಹೋದ, ಸ್ವಲ್ಪ ಜೋರಾಗಿಯೇ. ಅಂಗಡಿ ಮುಂದೆ ಗಾಡಿ ನಿಂತಾಗ ಸಾಹೇಬರು ಲೋಟದೊಳಗೆ ನೋಡಿದರು, ಆಮೇಲೆ ಜುಬ್ಬಾ ನೋಡಿಕೊಂಡರು, ಆಮೇಲೆ ಉಳಿದ ನೀರನ್ನು ಗಟಗಟ ಕುಡಿದುಬಿಟ್ಟರು.

“ಇಷ್ಟು ದಿನ ನಾನೇ ಮುಂದೆ ಕೂತು ಸೊಂಟ ಮುರ್ಕೊಂಡೆನಲ್ಲೋ,” ಅಂದರು ಡ್ರೈವರಣ್ಣನಿಗೆ.

“ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ,” ಅಂದ ಅವನು.

ಭಾನುವಾರ ಶೆಡ್ಡಿನಲ್ಲಿ ಸೀಟು ಬಿಚ್ಚಿದರು. ಬೋಲ್ಟುಗಳು ತುಕ್ಕು ಹಿಡಿದು ಮಿಸುಕಲಿಲ್ಲ. ಸೀಮೆಎಣ್ಣೆ ಹಾಕಿ ನೆನೆಸಿ, ಒಂದೆರಡನ್ನು ಉಳಿಯಿಂದ ಕತ್ತರಿಸಬೇಕಾಯಿತು. ಹಳೆಯ ತೂತುಗಳಿಗೆ ಮರದ ಬಿರಡೆ ಬಡಿದು, ಹಲಗೆಗೆ ಹೊಸ ತೂತು ಕೊರೆದರು. ಅರ್ಧ ಕೆಲಸವಾದ ಮೇಲೆ ಹೊಸ ತಕರಾರು ಬಂತು. ಮಂಡಿಗೆ ಅರ್ಧ ಗೇಣು ಜಾಗ ಹೆಚ್ಚು ಕೊಡಲು ಹೋದರೆ ಕೊನೆಯ ಸ್ಪೆಷಲ್ ಸಾಲು ಹಿಂದಿನ ಗಾಲಿಯ ಉಬ್ಬಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಗಾಲಿ ಮೇಲೆ ಕೂರಿಸಿ ಒಂದೂವರೆ ಪಟ್ಟು ತೆಗೆದುಕೊಳ್ಳುವುದಕ್ಕೆ ನಾನು ಒಪ್ಪಲಿಲ್ಲ. ಒಂದು ಸಾಲನ್ನೇ ತೆಗೆಯಿರಿ ಅಂದೆ.

“ಒಂದು ಸಾಲು! ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲ ತಾಯಿ!”

“ದುಡ್ಡು ಕೊಡ್ತೀವಿ ಅಂದ ಹೆಂಗಸರನ್ನ ಸೀಟಿಲ್ಲ ಅಂತ ಕಳಿಸಿ ಇಷ್ಟು ದಿನ ನೀವೇ ಹೊಡ್ಕೋತಿದ್ರಿ.”

ಸಾಹೇಬರು ಗೊಣಗುತ್ತಲೇ ತೆಗೆಸಿದರು. ತೆಂಗಿನ ನಾರು ಬಿಡಿಸಿ ಹತ್ತಿ ಸೇರಿಸಿ ಹೊಲಿಸಿದರು. ನಾನು ಕೇಳದಿದ್ದರೂ ತಲೆಯ ಕಡೆಗೆ ಬಿಳಿ ಬಟ್ಟೆ ಬಂತು. ಎಡಗಡೆ ಕಿಟಕಿಗಳ ಮೇಲೆ ‘ಮಹಿಳೆಯರಿಗೆ’ ಎಂದು ಪೇಂಟರ್ ಬರೆದ. ಸೀಟು ಬದಲಾಯಿಸಿದ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ್ ನೋಡಿ ಒಪ್ಪದೆ ರಸ್ತೆಗಿಳಿಸುವಂತಿಲ್ಲ. ಅವರು ಪ್ರತಿ ಬೋಲ್ಟನ್ನೂ ಅಲ್ಲಾಡಿಸಿ ನೋಡಿ, ಎರಡನ್ನು ಮತ್ತೆ ಬಿಗಿ ಮಾಡಿಸಿ, ಸಹಿ ಹಾಕಿದ್ದು ವಿಚಾರಣೆಯ ಹಿಂದಿನ ದಿನ.

ಶಿವಮೊಗ್ಗದ ಕಚೇರಿಯಲ್ಲಿ ಎದುರು ಕಂಪನಿಯ ವಕೀಲರು ಮೊದಲು ಮಾತಾಡಿದರು. ಒಳ್ಳೆಯ ಗಂಟಲು. ರೆಕ್ಸಿನ್, ಸ್ಪ್ರಿಂಗು, ಚಹಾ, ಪತ್ರಿಕೆ ಎಲ್ಲ ಬಂತು. ನನ್ನ ಸರದಿ ಬಂದಾಗ ಅಧಿಕಾರಿಗಳು ಕನ್ನಡಕದ ಮೇಲಿಂದ ನೋಡಿ, “ನಿಮ್ಮ ವಕೀಲರೆಲ್ಲಮ್ಮ?” ಅಂದರು.

“ನಾನೇ ಮಾತಾಡ್ತೀನಿ ಸರ್, ಮಾಲೀಕರ ಪ್ರತಿನಿಧಿ.”

ಸಾಹೇಬರು ಒಪ್ಪಿಗೆ ಪತ್ರ ಮುಂದಿಟ್ಟರು. ಲೋಟದ ಲೆಕ್ಕ ಸೇರಿಸಿ ತಿದ್ದಿದ ವರದಿಯನ್ನು ಮೊದಲೇ ಕಚೇರಿಗೆ ಕೊಟ್ಟಿದ್ದೆವು.

“ಸರ್, ಎದುರು ಕಂಪನಿಯ ಸೀಟು ನಮ್ಮದಕ್ಕಿಂತ ಮೆತ್ತಗಿದೆ,” ಎಂದು ಶುರು ಮಾಡಿದೆ. ಹಿಂದೆ ಸಾಹೇಬರು ಕೆಮ್ಮಿದರು. “ಅವರ ಚಹಾ ಚೆನ್ನಾಗಿದೆ. ಪತ್ರಿಕೆ ಕೊಡ್ತಾರೆ, ನಾವು ಕೊಡೋದಿಲ್ಲ. ನಾನು ಅವರ ಬಸ್ಸಿನಲ್ಲಿ ಬೇಸಿಗೆಯಿಡೀ ಕೂತು ನೋಡಿದ್ದೇನೆ. ಅವರ ಸ್ಪೆಷಲ್ ಸೀಟುಗಳು ಭರ್ತಿ ಓಡುತ್ತವೆ.”

ವಕೀಲರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಕಂಡಕ್ಟರ್ ಮೂಲೆಯಲ್ಲಿ ಹಲ್ಲು ಕಿರಿದ.

“ಅವರನ್ನ ಒಂದೇ ಪ್ರಶ್ನೆ ಕೇಳಬೇಕು ಸರ್. ಆ ಸೀಟಿನಲ್ಲಿ ಹೆಂಗಸರು ಕೂರಬಹುದೇ?”

“ಧಾರಾಳವಾಗಿ,” ಅಂದರು ವಕೀಲರು. “ಚಾರ್ಜು ಕೊಟ್ಟ ಯಾರನ್ನೂ ನಾವು ತಡೆಯೋದಿಲ್ಲ.”

“ನಾನೂ ಹಾಗೇ ಅಂತಿದ್ದೆ ಸರ್. ಯಾರೂ ತಡೆಯೋದಿಲ್ಲ. ಆದರೆ ನಾನು ಕೂತ ದಿನ ಪಕ್ಕದ ಸೀಟಿಗೆ ಟಿಕೆಟ್ ತೆಗೆದವರು ಸೊರಬದವರೆಗೆ ನಿಂತು ಬಂದರು. ಮರ್ಯಾದಸ್ಥರು, ಅವರದೇನೂ ತಪ್ಪಿಲ್ಲ. ಒಂದು ಕೊಟ್ಟರೆ ಎರಡು ಹೋಗುತ್ತದೆ ಅಂತ ಕಂಡಕ್ಟರ್ ಹೆಂಗಸರಿಗೆ ಟಿಕೆಟ್ ಕೊಡೋದಿಲ್ಲ. ನಮ್ಮ ಬಸ್ಸಿನಲ್ಲೂ ಮೊನ್ನೆಯವರೆಗೆ ಹೀಗೇ ಇತ್ತು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ನರ್ಸುಗಳನ್ನ, ಟೀಚರುಗಳನ್ನ ಎಬ್ಬಿಸಿ, ಅವರು ದುಡ್ಡು ಕೊಡ್ತೀನಿ ಅಂದರೂ ಕೂರಲಾಗದ ಸೀಟು ಹಾಕಿದ್ವಿ. ಇಬ್ಬರೂ ಹಾಕಿದ್ವಿ. ನಾವು ಬಿಚ್ಚಿದ್ವಿ. ಗಾಡಿ ಹೊರಗಡೆ ನಿಂತಿದೆ, ನೋಡಬಹುದು.”

ಅಧಿಕಾರಿಗಳು ವಕೀಲರ ಕಡೆ ತಿರುಗಿ, “ನಿಮ್ಮ ಸ್ಪೆಷಲ್‌ನಲ್ಲಿ ಹೋದ ವಾರ ಈಯಮ್ಮನ ಬಿಟ್ಟು ಬೇರೆ ಹೆಂಗಸರು ಕೂತಿದ್ದರೇ?” ಎಂದು ಕೇಳಿದರು. ವಕೀಲರು ಕಂಡಕ್ಟರನನ್ನು ನೋಡಿದರು. ಅವನು ಈಗ ಕಿಟಕಿ ನೋಡುತ್ತಿದ್ದ.

ಅಧಿಕಾರಿಗಳು ಹೊರಗೆ ಬಂದು ಗಾಡಿ ಹತ್ತಿದರು. ಮಧ್ಯದ ಸಾಲಿನಲ್ಲಿ ಕೂತು, ಕಾಲು ಚಾಚಿ, “ಲೋಟ ಎಲ್ಲಮ್ಮ?” ಅಂದರು. ವರದಿ ಓದಿದ್ದರು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು.

ಆದೇಶ ಬರಲು ಕೆಲವು ದಿನ ಹಿಡಿಯಿತು. ಬೆಳಗಿನ ಟೈಮಿಂಗ್ ನಮಗೆ, ಮಹಿಳೆಯರ ಸಾಲು ಬದಲಾಯಿಸಕೂಡದು ಎಂಬ ಷರತ್ತಿನೊಡನೆ. ಡ್ರೈವರಣ್ಣ ಗಾಡಿಗೆ ಹೂವಿನ ಹಾರ ಹಾಕಿ, ಲೋಟಕ್ಕೂ ಒಂದು ಕುಂಕುಮದ ಬೊಟ್ಟಿಟ್ಟ. ಎದುರು ಕಂಪನಿಯ ಏಜೆಂಟ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ಸೀಟು ನಮ್ಮದೇ ಮೇಲು ಅಂತ ನೀವೇ ಅಂದ್ರಲ್ಲಮ್ಮ, ಬರೆದು ಕೊಡ್ತೀರಾ?” ಅಂದ. ಚಹಾನೂ ಸೇರಿಸಿ ಬರೆದುಕೊಟ್ಟೆ. ಅದನ್ನು ಕಟ್ಟು ಹಾಕಿಸಿ ಅವರ ಮಧ್ಯಾಹ್ನದ ಬಸ್ಸಿನಲ್ಲಿ ತೂಗುಹಾಕಿದ್ದರು.

ಕಾಯಂ ಪರ್ಮಿಟ್ಟಿನ ಮೊದಲ ಬೆಳಗ್ಗೆ ನಾನು ಮಧ್ಯದ ಸಾಲಿನ ಎಡಗಡೆ, ಕಿಟಕಿ ಪಕ್ಕ ಕೂತೆ. ಬಲಗಡೆಯ ಸೀಟುಗಳ ಮೇಲೆ ಟವೆಲ್‌ಗಳು ಬೀಳತೊಡಗಿದವು. ನನ್ನ ಪಕ್ಕ ಖಾಲಿ. ಹೊರಡುವ ಹೊತ್ತಾಯಿತು. ಡ್ರೈವರಣ್ಣ ಹಾರ್ನ್ ಹೊಡೆದ. ಕಂಡಕ್ಟರ್ ನನ್ನ ಕಡೆ ನೋಡಿ ಬಾಗಿಲ ಕಡೆ ತಿರುಗಿದ. ಸಾಹೇಬರು ಕೆಳಗೆ ನಿಂತು ನನ್ನ ಪಕ್ಕದ ಸೀಟನ್ನೇ ನೋಡುತ್ತಿದ್ದರು.

ಆಗ ನನ್ನ ಮೂಗಿನ ಮುಂದೆಯೇ ಕಿಟಕಿಯೊಳಗೆ ಏನೋ ಉದ್ದನೆಯದು ನುಗ್ಗಿ, ನನ್ನ ಮಡಿಲಿನ ಮೇಲೆ ಹಾಯ್ದು, ಪಕ್ಕದ ಸೀಟಿನ ಮೇಲೆ ದೊಪ್ಪನೆ ಬಿತ್ತು. ಕಪ್ಪು ಕೊಡೆ.

“ಕಂಡಕ್ಟರ್! ಅದು ನನ್ನ ಸೀಟು! ಯಾರಿಗೂ ಕೊಡಬೇಡ!” ಎಂದು ಕೂಗುತ್ತ ನರ್ಸಮ್ಮ ಬಾಗಿಲ ಕಡೆ ಓಡಿದರು.

ಏದುಸಿರು ಬಿಡುತ್ತ ಬಂದು ಕೂತರು. ಎರಡು ಸಲ ಸೀಟು ಒತ್ತಿ ನೋಡಿದರು. ತಲೆ ಹಿಂದಿನ ಬಿಳಿ ಬಟ್ಟೆ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಲ್ರೀ, ಒಂದೂವರೆ ಪಟ್ಟು ನಾನೂ ಕೊಟ್ಟಿದೀನಿ. ಕಿಟಕಿ ನಿಮಗ್ಯಾಕೆ?”

“ನಾನು ಮೊದಲು ಬಂದೆ.”

“ನೀವು ಬೇಸಿಗೆಯಿಡೀ ಕಿಟಕೀಲೇ ಕೂತ್ರಿ. ನಾನು ಬೇಸಿಗೆಯಿಡೀ ಗಾಲಿ ಮೇಲೆ ಕೂತೆ. ಈಗ ಹೇಳ್ರಿ.”

ನನ್ನ ಹತ್ತಿರ ಉತ್ತರಗಳಿದ್ದವು, ಒಂದಲ್ಲ, ಹಲವು. ಒಂದೊಂದನ್ನೂ ಹೇಳಿ ನೋಡಿದೆ. ಶಿರಾಳಕೊಪ್ಪ ಬರುವಷ್ಟರಲ್ಲಿ ನರ್ಸಮ್ಮ ಕಿಟಕಿಯ ಪಕ್ಕ ಕೂತು ಗಾಳಿಗೆ ಮುಖ ಒಡ್ಡಿದ್ದರು, ಅವರ ಕೊಡೆ ನನ್ನ ಕೈಯಲ್ಲಿತ್ತು.